600 ಮಿಲಿಮೀಟರ್ ಎತ್ತರದ ಲೈಬ್ರರಿ: ಒಂದು ಕಟ್ಟಡ ಅರ್ಜಿಯ ಪ್ರಕರಣ ಅಧ್ಯಯನ

ಒಂದು ಸಾರ್ವಜನಿಕ ಲೈಬ್ರರಿ. ನೆಲಮಹಡಿಯಲ್ಲಿ ಕೌಂಟರ್, ಪುಸ್ತಕದ ಕಪಾಟುಗಳು, ಓದುವ ಕೋಣೆ. ಮೇಲಿನ ಮಹಡಿಯಲ್ಲಿ ಮಕ್ಕಳ ವಿಭಾಗ ಮತ್ತು ಒಂದು ಸಭಾಂಗಣ. ಇದನ್ನು ಕಟ್ಟಲು ಅನುಮತಿ ಕೇಳಿ ಅರ್ಜಿ ಸಲ್ಲಿಕೆಯಾಗಿತ್ತು. ಈ ಕಟ್ಟಡವನ್ನು ಎಲ್ಲರೂ ಬಳಸಬಹುದಾ ಎಂದು ನಕ್ಷೆಗಳನ್ನು ಓದಿ ಅಭಿಪ್ರಾಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಊರು, ಹೆಸರು ಯಾವುದನ್ನೂ ಹೇಳುವುದಿಲ್ಲ. ಇಲ್ಲಿ ಕಂಡ ತೊಂದರೆಗಳು ಯಾವ ದೇಶದ ಯಾವ ಅರ್ಜಿಯಲ್ಲಾದರೂ ಸಿಗುವಂಥವು.

ಅರ್ಜಿಯ ಜೊತೆ ಸೈಟ್ ಪ್ಲಾನ್, ಎರಡೂ ಮಹಡಿಯ ಪ್ಲಾನ್, ನಾಲ್ಕೂ ಬದಿಯ ನೋಟ, ಕಟ್ಟಡವನ್ನು ಸೀಳಿದಂತೆ ತೋರಿಸುವ ಎರಡು ಸೆಕ್ಷನ್ ಇದ್ದವು. ಕೊನೆಯಲ್ಲಿ ಪ್ರವೇಶ ವಿವರಣೆ ಅನ್ನುವ ಒಂದು ಹಾಳೆ. ಅದರಲ್ಲಿದ್ದ ಸಾರ ಇಷ್ಟೇ: ಕಟ್ಟಡ ಅಂಗವಿಕಲರಿಗೆ ಅನುಕೂಲವಾಗುವಂತೆ, ಅನ್ವಯವಾಗುವ ಎಲ್ಲ ನಿಯಮಗಳ ಪ್ರಕಾರ ಇರುತ್ತದೆ. ನಕ್ಷೆಯಲ್ಲಿ ವೀಲ್‌ಚೇರ್‌ನ ಚಿಹ್ನೆ ಮೂರು ಕಡೆ ಇತ್ತು. ರ‍್ಯಾಂಪ್ ಪಕ್ಕ ಒಂದು, ಟಾಯ್ಲೆಟ್ ಒಳಗೆ ಒಂದು, ಪಾರ್ಕಿಂಗ್‌ನಲ್ಲಿ ಒಂದು.

ಮೇಲ್ನೋಟಕ್ಕೆ ಕೊರತೆ ಏನೂ ಕಾಣುವುದಿಲ್ಲ. ಆದರೆ ಇಂಥ ನಕ್ಷೆಯನ್ನು ಚಿಹ್ನೆ ಹುಡುಕಿ ಓದಬಾರದು. ಒಬ್ಬ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಸ್ಕೇಲ್ ಹಿಡಿದು, ಗೇಟಿನಿಂದ ಹೊರಡಬೇಕು. ಗೇಟ್, ಬಾಗಿಲು, ಕೌಂಟರ್, ಕಪಾಟು, ಟಾಯ್ಲೆಟ್, ಮೇಲಿನ ಮಹಡಿ, ಬೆಂಕಿ ಬಿದ್ದರೆ ಹೊರಗೆ ಬರುವ ದಾರಿ. ಮಧ್ಯದಲ್ಲಿ ಒಂದು ಕೊಂಡಿ ತಪ್ಪಿದರೂ ಮುಂದಿನದೆಲ್ಲ ಅವರ ಪಾಲಿಗೆ ಇಲ್ಲ.

ಈ ಲೈಬ್ರರಿಯಲ್ಲಿ ಮೊದಲ ಕೊಂಡಿಯೇ ತಪ್ಪಿತ್ತು.

ನೆಲದ ಮಟ್ಟ

ನೆಲಮಹಡಿಯ ಮಟ್ಟವನ್ನು ಹೊರಗಿನ ಫುಟ್‌ಪಾತ್‌ಗಿಂತ 600 ಮಿ.ಮೀ. ಎತ್ತರಕ್ಕೆ ಇಟ್ಟಿದ್ದರು. ಮುಂದೆ ಅಗಲವಾದ ನಾಲ್ಕು ಮೆಟ್ಟಿಲು, ಮೇಲೆ ಕಂಬಗಳ ಪೋರ್ಟಿಕೋ. ರ‍್ಯಾಂಪ್ ಇದ್ದದ್ದು ಕಟ್ಟಡದ ಎಡಬದಿಗೆ, ಅದರ ಮೇಲೆ 1:12 ಎಂದು ಬರೆದಿತ್ತು, ಅಂದರೆ ಒಂದು ಪಾಲು ಏರಲು ಹನ್ನೆರಡು ಪಾಲು ಉದ್ದ. ಸ್ಕೇಲ್ ಇಟ್ಟು ಅಳೆದರೆ ಉದ್ದ 4.2 ಮೀಟರ್. 1:12 ಇಳಿಜಾರಿನಲ್ಲಿ 600 ಮಿ.ಮೀ. ಏರಬೇಕಾದರೆ ಬರೀ ಓಟವೇ, ಅಂದರೆ ಇಳಿಜಾರಿನ ಉದ್ದವೇ, 7.2 ಮೀಟರ್ ಬೇಕು, ಮೇಲೊಂದು ಕೆಳಗೊಂದು ಸಮತಟ್ಟಾದ ಜಾಗ ಬೇರೆ. ನಕ್ಷೆಯಲ್ಲಿದ್ದದ್ದು ನಿಜವಾಗಿ 1:7. ಅಂಥ ಇಳಿಜಾರಿನಲ್ಲಿ ಕೈಯಿಂದ ತಳ್ಳುವ ವೀಲ್‌ಚೇರ್ ಹಿಂದಕ್ಕೆ ಮಗುಚುವ ಅಪಾಯ ಇರುತ್ತದೆ, ಇಳಿಯುವಾಗ ಹಿಂದೆ ಹಿಡಿದವರ ಕೈ ಜಾರಿದರೆ ಮುಗಿಯಿತು.

1:12 ಅನ್ನುವುದೂ ಸುಖದ ಇಳಿಜಾರಲ್ಲ, ಅದನ್ನು ಬಹಳ ಜನ ಮರೆಯುತ್ತಾರೆ. ಅಮೆರಿಕದ ಅಂಗವಿಕಲರ ಕಾಯ್ದೆಯಾದ ಎಡಿಎಯ ಮಾನದಂಡದಲ್ಲಿ ಅದು ಗರಿಷ್ಠ ಮಿತಿ, ಒಂದು ಓಟಕ್ಕೆ 760 ಮಿ.ಮೀ. ಏರಿಕೆಯವರೆಗೆ. ಇಂಗ್ಲೆಂಡ್‌ನ ಕಟ್ಟಡ ನಿಯಮಗಳ ಎಂ ಭಾಗದ ಮಾರ್ಗದರ್ಶಿ ಇನ್ನೂ ಬಿಗಿ. ಅಲ್ಲಿ 1:12 ಬಳಸಬಹುದಾದದ್ದು ಎರಡು ಮೀಟರ್ ಓಟಕ್ಕೆ ಮಾತ್ರ. ಹತ್ತು ಮೀಟರ್ ಉದ್ದ ಹೋಗಬೇಕೆಂದರೆ 1:20 ಇರಬೇಕು. ಉದ್ದ ಜಾಸ್ತಿಯಾದಷ್ಟೂ ತೋಳಿಗೆ ದಣಿವು, ಆದ್ದರಿಂದ ಇಳಿಜಾರು ಮೆತ್ತಗಾಗಬೇಕು ಅನ್ನುವುದು ಅದರ ಹಿಂದಿನ ಲೆಕ್ಕ.

ಇನ್ನೊಂದು ವಿಷಯ ನನಗೆ ಇಳಿಜಾರಿಗಿಂತ ಹೆಚ್ಚು ಬೇಸರ ತರಿಸಿತು. ರ‍್ಯಾಂಪ್ ಮುಗಿಯುವ ಬಾಗಿಲು ಸ್ಟೋರ್ ರೂಮ್ ಪಕ್ಕದ ಓಣಿಗೆ ತೆರೆಯುತ್ತಿತ್ತು. ಸರಕು ಇಳಿಸುವ ಬಾಗಿಲು ಅದು. ಸಂಜೆ ಕಚೇರಿ ಸಿಬ್ಬಂದಿ ಹೋದ ಮೇಲೆ ಅದಕ್ಕೆ ಬೀಗ ಬೀಳುತ್ತದೆ, ಮುಂದಿನ ಬಾಗಿಲು ಮಾತ್ರ ರಾತ್ರಿಯವರೆಗೆ ತೆರೆದಿರುತ್ತದೆ. ಅಂದರೆ ಒಂದೇ ಮನೆಯವರು ಬಂದರೂ ವೀಲ್‌ಚೇರ್‌ನಲ್ಲಿರುವ ಅಮ್ಮ ಪಕ್ಕದ ಬಾಗಿಲಿನಿಂದ, ಮಕ್ಕಳು ಮುಂಬಾಗಿಲಿನಿಂದ. ಸಂಜೆ ಬಂದರೆ ಅಮ್ಮ ಹೊರಗೇ. ನಿಯಮದಲ್ಲಿ ಇದಕ್ಕೆ ಹೆಸರಿಲ್ಲದೆ ಹೋಗಬಹುದು, ಅವಮಾನ ಮಾತ್ರ ಅವಮಾನವೇ.

ಸರಿ, 600 ಯಾಕೆ? ಆರ್ಕಿಟೆಕ್ಟ್ ಕೊಟ್ಟ ಕಾರಣ ಮಳೆನೀರು. ಒಳಗೆ ಪುಸ್ತಕ ಇರುತ್ತವೆ, ನೀರು ನುಗ್ಗಬಾರದು. ನ್ಯಾಯವಾದ ಚಿಂತೆ. ಆದರೆ ನೀರು ಯಾವ ಕಡೆಯಿಂದ ಬರುತ್ತದೆ ಎಂದು ನೋಡಲು ನಕ್ಷೆಯಲ್ಲಿ ನೆಲದ ಮಟ್ಟಗಳೇ ಇರಲಿಲ್ಲ. ಸೆಕ್ಷನ್‌ನಲ್ಲಿ ನೆಲವನ್ನು ಸುಮ್ನೆ ಒಂದು ನೇರ ಗೆರೆಯಾಗಿ ಎಳೆದಿದ್ದರು. ಲೆವೆಲ್ ಸರ್ವೆ ಮಾಡಿಸಿ ಎಂದು ಕೇಳಿದೆವು. ಬಂದ ಉತ್ತರದಲ್ಲಿ ಇಡೀ ಪ್ರಕರಣದ ಕೀಲಿ ಇತ್ತು: ನಿವೇಶನ ಮುಂದಿನಿಂದ ಹಿಂದಕ್ಕೆ ಸುಮಾರು 300 ಮಿ.ಮೀ. ಏರುತ್ತದೆ. ನೀರು ಹಿಂದಿನಿಂದ ಬರುತ್ತದೆ, ಮುಂದಿನ ರಸ್ತೆಗೆ ಹರಿದು ಹೋಗುತ್ತದೆ. ಮುಂಭಾಗದ ನಾಲ್ಕು ಮೆಟ್ಟಿಲು ತಡೆಯುವುದಕ್ಕೆ ಅಲ್ಲಿ ನೀರೇ ಇಲ್ಲ.

ಪರಿಹಾರ ಹೀಗೆ ಬಂತು. ಕಟ್ಟಡವನ್ನು ಮೂರು ಮೀಟರ್ ಹಿಂದಕ್ಕೆ ಸರಿಸಿದರು, ಗೇಟಿನಿಂದ ಬಾಗಿಲಿಗೆ 9 ಮೀಟರ್ ಇದ್ದದ್ದು 12 ಆಯಿತು. ನೆಲದ ಮಟ್ಟ 600ರಿಂದ 450ಕ್ಕೆ ಇಳಿಯಿತು. 12 ಮೀಟರ್‌ನಲ್ಲಿ 450 ಮಿ.ಮೀ. ಅಂದರೆ ಹೆಚ್ಚುಕಡಿಮೆ 1:27. 1:20ಕ್ಕಿಂತ ಮೆತ್ತಗಿದ್ದರೆ ಎಡಿಎ ಅದನ್ನು ರ‍್ಯಾಂಪ್ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಬರೀ ದಾರಿ. ಮೆಟ್ಟಿಲೂ ಇಲ್ಲ, ರ‍್ಯಾಂಪೂ ಇಲ್ಲ, ಎಲ್ಲರಿಗೂ ಒಂದೇ ಬಾಗಿಲು. ದಾರಿ ಬಾಗಿಲ ಕಡೆ ಏರುವುದರಿಂದ ಅದರ ಮೇಲೆ ಬಿದ್ದ ಮಳೆ ರಸ್ತೆ ಕಡೆಗೆ ಹೋಗುತ್ತದೆ. ಹಿಂದಿನಿಂದ ಬರುವ ನೀರಿಗೆ ಹಿಂಗೋಡೆಯ ಉದ್ದಕ್ಕೂ ಚರಂಡಿ. ಹೊಸ್ತಿಲಿನ ಮುಂದೆ ಕಂಬಿಮುಚ್ಚಳದ ಕಿರಿದಾದ ಕಾಲುವೆ, ಅದರ ಸಂದು 13 ಮಿ.ಮೀ.ಗಿಂತ ಜಾಸ್ತಿ ಇರಬಾರದು, ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು. ಇಲ್ಲದಿದ್ದರೆ ವೀಲ್‌ಚೇರ್‌ನ ಮುಂದಿನ ಪುಟ್ಟ ಚಕ್ರವೋ ಊರುಗೋಲಿನ ತುದಿಯೋ ಸಿಕ್ಕಿಕೊಳ್ಳುತ್ತದೆ.

ಬೆಲೆ ತೆರಲಿಲ್ಲವೇ ಅಂದರೆ, ತೆತ್ತರು. ಹಿಂದಿನ ಪಾರ್ಕಿಂಗ್‌ನ ಒಂದು ಸಾಲು ಹೋಯಿತು. ಪೋರ್ಟಿಕೋ ಹೋಯಿತು. ಮುಂಭಾಗದ ಗಾಂಭೀರ್ಯ ಕಡಿಮೆಯಾಯಿತು ಅಂತ ಕಟ್ಟಿಸುವ ಸಮಿತಿಯಲ್ಲಿ ಒಬ್ಬರು ಕೊನೆಯವರೆಗೂ ಹೇಳುತ್ತಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ. ಮೆಟ್ಟಿಲು ಹತ್ತಿಸಿದರೇ ಕಟ್ಟಡಕ್ಕೆ ಘನತೆ ಅನ್ನುವುದು ಹಳೆಯ ಅಭ್ಯಾಸ, ಅಷ್ಟೇ.

“ಅದು ಮುಂದಿನ ಹಂತದ ವಿಷಯ”

ಬಹಳ ಕಡೆ ಎರಡು ಹಂತ ಇರುತ್ತವೆ. ಮೊದಲು ಯೋಜನಾ ಅನುಮತಿ: ಕಟ್ಟಡ ಎಲ್ಲಿ, ಎಷ್ಟು ಎತ್ತರ, ಹೇಗೆ ಕಾಣುತ್ತದೆ. ಆಮೇಲೆ ಕಟ್ಟಡ ನಿಯಮಗಳ ತಪಾಸಣೆ: ಬಾಗಿಲಿನ ಅಗಲ, ಟಾಯ್ಲೆಟ್, ಹಿಡಿಗಂಬಿ ಇತ್ಯಾದಿ. ಮೊದಲ ಸಭೆಯಲ್ಲಿ ನಾವು ಎತ್ತಿದ ಪ್ರತಿಯೊಂದು ಪ್ರಶ್ನೆಗೂ ಆರ್ಕಿಟೆಕ್ಟ್ ಹೇಳಿದ್ದು ಇದನ್ನೇ: “ಮೇಡಂ, ಅದು ಮುಂದಿನ ಹಂತದ ವಿಷಯ. ವಿವರ ಅಲ್ಲಿ ಕೊಡ್ತೀವಿ.”

ಈ ಮಾತನ್ನು ನಾನು ಒಪ್ಪುವುದಿಲ್ಲ, ಇಡೀ ಪ್ರಕರಣ ಬರೆಯುತ್ತಿರುವುದೂ ಇದಕ್ಕೇ. ಹಿಡಿಗಂಬಿಯ ದಪ್ಪ, ನಲ್ಲಿಯ ನಮೂನೆ, ಸ್ವಿಚ್ಚಿನ ಎತ್ತರ ಇವೆಲ್ಲ ಆಮೇಲೆ ತೀರ್ಮಾನಿಸಬಹುದು. ನೆಲದ ಮಟ್ಟ, ಮುಖ್ಯ ಬಾಗಿಲಿನ ಜಾಗ, ಲಿಫ್ಟ್ ಕೂರುವ ಜಾಗ, ಟಾಯ್ಲೆಟ್‌ಗೆ ಬಿಟ್ಟ ಚದರ ಅಳತೆ, ಹೊರಹೋಗುವ ದಾರಿ ಇವನ್ನು ಆಗುವುದಿಲ್ಲ. ಇವು ಬದಲಾದರೆ ಕಟ್ಟಡದ ಆಕಾರವೇ ಬದಲಾಗುತ್ತದೆ. ಅನುಮತಿ ಸಿಕ್ಕ ನಕ್ಷೆಯನ್ನು ಬದಲಾಯಿಸಲು ಮತ್ತೆ ಅರ್ಜಿ ಹಾಕಬೇಕು, ಅದನ್ನು ಯಾರೂ ಮಾಡುವುದಿಲ್ಲ. ಎರಡನೇ ಹಂತದಲ್ಲಿ ಅಧಿಕಾರಿ “ರ‍್ಯಾಂಪ್ ಕಡಿದಾಗಿದೆ” ಅಂದರೆ, “ಏನು ಮಾಡೋದು ಸರ್, ಜಾಗ ಇಲ್ಲವಲ್ಲ” ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಅಷ್ಟೊತ್ತಿಗೆ ಅದು ನಿಜವೂ ಆಗಿರುತ್ತದೆ.

ಸಭೆಯಲ್ಲಿ ಬಂದ ಇನ್ನೊಂದು ಪ್ರಶ್ನೆ ಎಲ್ಲ ಕಡೆ ಬರುವಂಥದ್ದೇ. “ಇಲ್ಲಿಗೆ ವೀಲ್‌ಚೇರ್‌ನವರು ಎಷ್ಟು ಜನ ಬರ್ತಾರೆ?” ಹಳೆಯ ಲೈಬ್ರರಿಗೆ ಯಾರೂ ಬರುತ್ತಿರಲಿಲ್ಲವಂತೆ. ಅದು ಮೊದಲ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ! ಒಳಗೆ ಹೋಗಲಾಗದ ಕಡೆಗೆ ಯಾರು ಯಾಕೆ ಬರುತ್ತಾರೆ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ, ಅಂದರೆ ಶೇಕಡಾ 16ರಷ್ಟು ಮಂದಿಗೆ, ಗಣನೀಯವಾದ ಅಂಗವೈಕಲ್ಯ ಇದೆ. ಅವರಲ್ಲಿ ಹೆಚ್ಚಿನವರು ವೀಲ್‌ಚೇರ್ ಬಳಸುವವರಲ್ಲ. ಮಂಡಿನೋವಿನ ಅಜ್ಜಿ, ತಳ್ಳುಗಾಡಿಯಲ್ಲಿ ಮಗು ಕರೆತರುವ ತಂದೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗ ಇವರಲ್ಲಿ ಹಲವರು ಆ ಲೆಕ್ಕದಲ್ಲೇ ಇಲ್ಲ, ಆದರೂ ಅದೇ ಮೆಟ್ಟಿಲಿನ ಮುಂದೆ ನಿಲ್ಲುತ್ತಾರೆ.

ಸ್ವತಃ ವೀಲ್‌ಚೇರ್ ಬಳಸುತ್ತಿದ್ದ ಅಮೆರಿಕದ ಆರ್ಕಿಟೆಕ್ಟ್ ರೊನಾಲ್ಡ್ ಮೇಸ್ ‘ಯೂನಿವರ್ಸಲ್ ಡಿಸೈನ್’ ಎಂದು ಕರೆದದ್ದು ಈ ಆಲೋಚನೆಯನ್ನೇ. ಬೇರೆ ಜನಕ್ಕೆ ಬೇರೆ ವ್ಯವಸ್ಥೆ ಅಂಟಿಸುವ ಬದಲು ಮೊದಲಿನಿಂದಲೇ ಆದಷ್ಟು ಎಲ್ಲರಿಗೂ ಆಗುವಂತೆ ವಿನ್ಯಾಸ ಮಾಡುವುದು. ಅದರ ಏಳು ತತ್ವಗಳು 1997ರಲ್ಲಿ ಹೊರಬಂದವು. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದಲ್ಲೂ ಈ ಮಾತು ಇದೆ, ಅದರ 9ನೇ ವಿಧಿ ಕಟ್ಟಡಗಳಿಗೆ ಪ್ರವೇಶದ ಬಗ್ಗೆಯೇ ಇದೆ. ಆರ್ಕಿಟೆಕ್ಟ್‌ಗೆ ಇವೆಲ್ಲ ಗೊತ್ತಿತ್ತು, ಒಳ್ಳೆಯ ಓದುಗ ಆತ. ಗೊತ್ತಿರುವುದು ನಕ್ಷೆಗೆ ಇಳಿದಿರಲಿಲ್ಲ.

ಟೇಪ್‌ನ ಟಾಯ್ಲೆಟ್

ಎರಡನೇ ಸಭೆಗೆ ಬಳಕೆದಾರರನ್ನು ಕರೆಸಬೇಕೆಂದು ಒತ್ತಾಯ ಮಾಡಿದೆವು. ವೀಲ್‌ಚೇರ್ ಬಳಸುವ ಒಬ್ಬ ಶಿಕ್ಷಕಿ, ಬಿಳಿ ಕೋಲು ಹಿಡಿದು ಓಡಾಡುವ ಒಬ್ಬ ವಿದ್ಯಾರ್ಥಿ, ತುಟಿಚಲನೆ ನೋಡಿ ಮಾತು ಅರ್ಥ ಮಾಡಿಕೊಳ್ಳುವ ಒಬ್ಬ ಹಿರಿಯರು ಬಂದರು. ನಕ್ಷೆ ಹರಡಿಕೊಂಡು ಕೂತರೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ಗೊತ್ತಿದ್ದರಿಂದ ಸಭೆಯ ಕೋಣೆಯ ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಚಿಹ್ನೆ ಇದ್ದ ಆ ಟಾಯ್ಲೆಟ್ಟನ್ನು ನಿಜವಾದ ಅಳತೆಯಲ್ಲೇ ಗುರುತಿಸಿದೆವು. 1,200 ಮಿ.ಮೀ. ಅಗಲ, 1,700 ಮಿ.ಮೀ. ಉದ್ದ. ಕಮೋಡ್ ಇರುವಲ್ಲಿ ಒಂದು ಕುರ್ಚಿ, ವಾಶ್‌ಬೇಸಿನ್‌ ಜಾಗದಲ್ಲಿ ಒಂದು ಸ್ಟೂಲ್. ಬಾಗಿಲು ಒಳಕ್ಕೆ ತೆರೆಯುತ್ತದೆ ಎಂದು ನಕ್ಷೆಯಲ್ಲಿತ್ತು, ಅದಕ್ಕೆ ಒಂದು ರಟ್ಟು ಹಿಡಿದು ಆರ್ಕಿಟೆಕ್ಟ್ ತಾವೇ ನಿಂತರು.

ಶಿಕ್ಷಕಿ ಒಳಗೆ ಬಂದರು. ಕಾಲಿಡುವ ಹಲಗೆ ಕುರ್ಚಿಗೆ ತಾಗಿತು. ಹಿಂದಿನ ಚಕ್ರ ಇನ್ನೂ ಟೇಪ್‌ನ ಗೆರೆಯ ಮೇಲೇ ಇತ್ತು. ಬಲಕ್ಕೆ ತಿರುಗಲು ನೋಡಿದರು, ಸ್ಟೂಲ್ ಅಡ್ಡ ಬಂತು.

“ನಾನು ಒಳಗೆ ಬಂದಾಯ್ತು ಸರ್. ಈಗ ಬಾಗಿಲು ಹೇಗೆ ಹಾಕ್ಲಿ?”

ರಟ್ಟು ಹಿಡಿದವರು ಅದನ್ನು ತಿರುಗಿಸಲು ಹೋದರು, ಅದು ಚಕ್ರಕ್ಕೆ ತಾಗಿ ಬಾಗಿತು. ಇನ್ನು ವೀಲ್‌ಚೇರ್‌ನಿಂದ ಕಮೋಡ್‌ಗೆ ದಾಟುವ ಮಾತು. ಶಿಕ್ಷಕಿ ಪಕ್ಕದಿಂದ ದಾಟುವವರು. ಕುರ್ಚಿಯ ಪಕ್ಕ ತಮ್ಮ ಗಾಡಿಯನ್ನು ನಿಲ್ಲಿಸಿಕೊಂಡು, ಕೈ ಊರಿ, ಜರುಗಬೇಕು. ಆ ಪಕ್ಕದ ಜಾಗವೇ ಅಲ್ಲಿರಲಿಲ್ಲ. ಅವರು ತಾಳ್ಮೆಯಿಂದ ವಿವರಿಸಿದರು: ಎಡಗೈಯಲ್ಲಿ ಶಕ್ತಿ ಕಡಿಮೆ ಇರುವವರಿಗೆ ಬಲಗಡೆ ಜಾಗ ಬೇಕು, ಬಲಗೈ ಸೋತವರಿಗೆ ಎಡಗಡೆ. ಎರಡು ಟಾಯ್ಲೆಟ್ ಇದ್ದರೆ ಒಂದನ್ನು ಇನ್ನೊಂದರ ಪ್ರತಿಬಿಂಬದಂತೆ ಮಾಡಿದರೆ ಇಬ್ಬರಿಗೂ ಆಗುತ್ತದೆ.

ಆಮೇಲೆ ಟೇಪ್ ಕಿತ್ತು 1,500 × 2,200 ಅಂಟಿಸಿದೆವು. ಇಂಗ್ಲೆಂಡ್‌ನ ಮಾರ್ಗದರ್ಶಿಯಲ್ಲಿರುವ ಕನಿಷ್ಠ ಅಳತೆ ಇದು. 1,500 ಮಿ.ಮೀ. ವ್ಯಾಸದ ವೃತ್ತದೊಳಗೆ ತಿರುಗುವ ಜಾಗ ಅದರಲ್ಲಿ ಸಿಗುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆದರೆ, ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ತುರ್ತು ಕರೆಯ ಹಗ್ಗ ನೆಲದ ಹತ್ತಿರದವರೆಗೂ ಇಳಿದಿರಬೇಕು, ಬಿದ್ದವರ ಕೈಗೆ ಸಿಗಬೇಕಲ್ವಾ. ಈ ಸಲ ಶಿಕ್ಷಕಿ ಒಳಗೆ ಬಂದು, ತಿರುಗಿ, ಬಾಗಿಲು ಎಳೆದುಕೊಂಡರು. ಆರ್ಕಿಟೆಕ್ಟ್ ಅಲ್ಲೇ ಮಂಡಿಯೂರಿ ಕೂತು ಸ್ಟೋರ್ ರೂಮಿನ ಗೋಡೆಯನ್ನು ಪೆನ್ಸಿಲ್‌ನಲ್ಲಿ ಸರಿಸಲು ಶುರು ಮಾಡಿದರು. ಬರೆದ ಯಾವ ಆಕ್ಷೇಪಣೆಯೂ ಮಾಡದ ಕೆಲಸವನ್ನು ಒಂದು ಸುರುಳಿ ಟೇಪ್ ಮಾಡಿತು. ಯಾವ ಅರ್ಜಿಯಲ್ಲಾದರೂ ಮಾಡಬಹುದಾದ ಪರೀಕ್ಷೆ ಇದು, ಖರ್ಚೂ ಇಲ್ಲ.

ಚುಕ್ಕೆಗೆರೆಯ ಲಿಫ್ಟ್

ಮೆಟ್ಟಿಲಿನ ಪಕ್ಕ ಚುಕ್ಕೆಗೆರೆಯಲ್ಲಿ ಒಂದು ಚೌಕ, ಅದರೊಳಗೆ “ಭವಿಷ್ಯದ ಲಿಫ್ಟ್” ಎಂಬ ಬರಹ. ಅಳತೆ 1,300 × 1,300. ವೀಲ್‌ಚೇರ್ ಮತ್ತು ಜೊತೆಗೊಬ್ಬರು ನಿಲ್ಲಲು ಲಿಫ್ಟ್‌ನ ಒಳಗೆ ಕನಿಷ್ಠ 1,100 ಅಗಲ, 1,400 ಆಳ ಬೇಕು. ಲಿಫ್ಟ್‌ನ ಪೆಟ್ಟಿಗೆಯೇ ಆ ಚೌಕಕ್ಕಿಂತ ಉದ್ದ. ಅದರ ಸುತ್ತ ಹಳಿ, ತೂಕದ ಕಲ್ಲು, ಬಾಗಿಲಿನ ಯಂತ್ರ ಇವಕ್ಕೂ ಜಾಗ ಬೇಕು. ಸೆಕ್ಷನ್‌ನಲ್ಲಿ ಕೆಳಗಿನ ಗುಂಡಿಯಾಗಲಿ ಮೇಲಿನ ಎತ್ತರವಾಗಲಿ ತೋರಿಸಿರಲಿಲ್ಲ, ಎರಡನೇ ಮಟ್ಟದ ತೊಲೆಯೊಂದು ಆ ಚೌಕದ ನಡುವೆಯೇ ಹಾದುಹೋಗಿತ್ತು. ಆ ಭವಿಷ್ಯ ಬರುವಂತಿರಲಿಲ್ಲ.

ಮಕ್ಕಳ ವಿಭಾಗ ಇರುವುದು ಮೇಲೆ. ಸಭೆಗಳು ನಡೆಯುವುದೂ ಮೇಲೆ. ಕಟ್ಟಿಸುವವರ ಮುಂದೆ ಎರಡೇ ದಾರಿ ಇಟ್ಟೆವು: ಲಿಫ್ಟ್ ಈಗಲೇ ಹಾಕಿ, ಇಲ್ಲವೇ ಸಾರ್ವಜನಿಕರು ಬಳಸುವ ಎಲ್ಲವನ್ನೂ ನೆಲಮಹಡಿಗೆ ತನ್ನಿ. “ಪುಸ್ತಕ ಬೇಕಾದರೆ ಸಿಬ್ಬಂದಿ ಕೆಳಗೆ ತಂದುಕೊಡುತ್ತಾರೆ” ಅನ್ನುವ ಮೂರನೇ ದಾರಿಯನ್ನು ಅವರು ಸೂಚಿಸಿದರು, ನಾನು ಬಲವಾಗಿ ವಿರೋಧಿಸಿದೆ. ಲೈಬ್ರರಿಯ ಸುಖವೇ ಕಪಾಟಿನ ಮುಂದೆ ನಿಂತು, ಬೇಕಾದ್ದನ್ನು ಹುಡುಕುತ್ತಾ ಬೇಡದ್ದನ್ನೂ ತಿರುವಿ ಹಾಕುವುದು. ಒಂದು ಮಗುವಿಗೆ ಅದನ್ನು ತಪ್ಪಿಸಿ ಚೀಟಿ ಬರೆದುಕೊಡು ಎನ್ನುವುದು ಸೌಲಭ್ಯವಲ್ಲ.

ಪೋರ್ಟಿಕೋ ಮತ್ತು ಮೆಟ್ಟಿಲು ಕೈಬಿಟ್ಟಿದ್ದರಿಂದ ಉಳಿದ ಹಣ ಲಿಫ್ಟ್‌ಗೆ ಒಂದಿಷ್ಟು ಒದಗಿತು. ಚುಕ್ಕೆಗೆರೆ ಗಟ್ಟಿ ಗೆರೆಯಾಯಿತು. 1,100 × 1,400ರ ಪೆಟ್ಟಿಗೆಯಲ್ಲಿ ವೀಲ್‌ಚೇರ್ ತಿರುಗಲು ಆಗುವುದಿಲ್ಲ, ಹಿಮ್ಮುಖವಾಗಿ ಹೊರಬರಬೇಕು. ಅದಕ್ಕೆ ಹಿಂದಿನ ಗೋಡೆಗೆ ಕನ್ನಡಿ, ಎರಡೂ ಮಹಡಿಯಲ್ಲಿ ಲಿಫ್ಟ್ ಮುಂದೆ 1,500 × 1,500 ಖಾಲಿ ಜಾಗ.

ಚಕ್ರವಿಲ್ಲದ ವಿಷಯಗಳು

ಪರಿಷ್ಕೃತ ನಕ್ಷೆ ನೋಡಿ ಎಲ್ಲರೂ ಸಮಾಧಾನಪಟ್ಟಾಗ ಬಿಳಿ ಕೋಲಿನ ವಿದ್ಯಾರ್ಥಿ ಕೇಳಿದ ಪ್ರಶ್ನೆ: “ಮೆಟ್ಟಿಲಿನ ಕೆಳಗೆ ಏನಿದೆ?” ಏನೂ ಇರಲಿಲ್ಲ, ತೆರೆದ ಜಾಗ. ಅದೇ ಅಪಾಯ. ಕೋಲು ಹುಡುಕುವುದು ನೆಲವನ್ನು. ಓರೆಯಾಗಿ ಇಳಿದು ಬರುವ ಮೆಟ್ಟಿಲಿನ ಅಡಿ ತಲೆಯ ಮಟ್ಟಕ್ಕೆ ಬರುವವರೆಗೂ ಕೋಲಿಗೆ ಏನೂ ಸಿಗುವುದಿಲ್ಲ, ನೇರ ಹಣೆಗೆ ಬಡಿಯುತ್ತದೆ. ಸುಮಾರು 680 ಮಿ.ಮೀ.ಗಿಂತ ಮೇಲೆ ಗೋಡೆಯಿಂದ ಚಾಚಿಕೊಂಡ ಯಾವುದನ್ನೂ ಕೋಲು ಹಿಡಿಯುವುದಿಲ್ಲ, ಅದಕ್ಕೇ ಎಡಿಎ ಅಂಥ ವಸ್ತುಗಳು ನಡೆಯುವ ದಾರಿಗೆ 100 ಮಿ.ಮೀ.ಗಿಂತ ಜಾಸ್ತಿ ಚಾಚಬಾರದು ಎನ್ನುತ್ತದೆ. ನಮ್ಮ ಓಣಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇತ್ತು, ಅದನ್ನು ಗೋಡೆಯ ಗೂಡಿನೊಳಗೆ ಸೇರಿಸಿದರು. ಮೆಟ್ಟಿಲಿನ ಅಡಿಗೆ ಗೋಡೆ ಕಟ್ಟಿ ಸಾಮಾನಿನ ಕೋಣೆ ಮಾಡಿದರು, ಟಾಯ್ಲೆಟ್‌ಗೆ ಬಿಟ್ಟುಕೊಟ್ಟ ಸ್ಟೋರ್ ಜಾಗ ಹೀಗೆ ವಾಪಸ್ ಸಿಕ್ಕಿತು.

ಗೇಟಿನಿಂದ ಕೌಂಟರ್‌ವರೆಗೆ ಕಾಲಿಗೆ ತಿಳಿಯುವ ಉಬ್ಬು ಹಾಸು ಬೇಕೆಂದು ಆ ವಿದ್ಯಾರ್ಥಿಯೇ ಕೇಳಿದರು. ಜಪಾನಿನ ಸೆಯಿಚಿ ಮಿಯಾಕೆ ರೂಪಿಸಿದ ಈ ಹಾಸು ಮೊದಲು ಬಿದ್ದದ್ದು 1967ರಲ್ಲಿ, ಒಕಾಯಾಮಾದ ಒಂದು ರಸ್ತೆಯಲ್ಲಿ. ಉದ್ದ ಪಟ್ಟಿ ಅಂದರೆ ನಡೆ, ಗುಂಡುಬ್ಬು ಅಂದರೆ ಎಚ್ಚರ. ಒಂದು ಕಡೆ ಶಿಕ್ಷಕಿ ತಡೆದರು: ಉಬ್ಬು ಹಾಸಿನ ಮೇಲೆ ವೀಲ್‌ಚೇರ್ ಓಡಿಸಿದರೆ ಬೆನ್ನಿಗೆ ಅಲುಗಾಟ, ನೋವು. ಇಬ್ಬರ ಬೇಡಿಕೆ ಒಂದಕ್ಕೊಂದು ಎದುರಾದ ಜಾಗ ಇದು. ದಾರಿಯ ಅಗಲ 1,500 ಇದ್ದದ್ದನ್ನು 2,000 ಮಾಡಿ, ಹಾಸನ್ನು ಒಂದು ಪಕ್ಕಕ್ಕೆ ಹಾಕಿ, ಉಳಿದ ಅಗಲವನ್ನು ನಯವಾಗಿ ಬಿಟ್ಟಾಗ ಇಬ್ಬರೂ ಒಪ್ಪಿದರು. ಇಂಥ ಒಪ್ಪಂದ ನಿಯಮದ ಪುಸ್ತಕ ತಿರುವಿದರೆ ಸಿಗುವುದಿಲ್ಲ, ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಬೇಕು.

ಮುಖ್ಯ ಬಾಗಿಲಿಗೆ 600 ಮಿ.ಮೀ.ನ ಎರಡು ಕದಗಳಿದ್ದವು. ಸಾಮಾನ್ಯವಾಗಿ ಒಂದೇ ಕದ ತೆರೆದಿರುವುದು, ಅದರಲ್ಲಿ ವೀಲ್‌ಚೇರ್ ಹೋಗುವುದಿಲ್ಲ. ಒಂದು ಕದ 950, ಇನ್ನೊಂದು ಚಿಕ್ಕದು ಮಾಡಿದರು. ಗಾಜಿನ ಕದವಾದ್ದರಿಂದ ಎರಡು ಎತ್ತರದಲ್ಲಿ ಎದ್ದು ಕಾಣುವ ಪಟ್ಟಿ, ಕಣ್ಣು ಮಂದವಾದವರು ಬಾಗಿಲು ತೆರೆದಿದೆ ಎಂದುಕೊಂಡು ಡಿಕ್ಕಿ ಹೊಡೆಯಬಾರದಲ್ಲ. ಕೌಂಟರ್‌ನ ಒಂದು ಭಾಗ 760 ಮಿ.ಮೀ. ಎತ್ತರಕ್ಕೆ ಇಳಿಯಿತು, ಕೆಳಗೆ ಮೊಣಕಾಲು ತೂರಿಸುವಷ್ಟು ಖಾಲಿ.

ತುಟಿಚಲನೆ ನೋಡುವ ಹಿರಿಯರು ಬಹಳ ಹೊತ್ತು ಮಾತಾಡಿರಲಿಲ್ಲ. ಕೌಂಟರ್ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸಿದಾಗ ಅವರು ಅದರ ಹಿಂದಿನ ದೊಡ್ಡ ಕಿಟಕಿಯ ಮೇಲೆ ಬೆರಳಿಟ್ಟರು. ಹಿಂದಿನಿಂದ ಬೆಳಕು ಬಂದರೆ ಎದುರು ಕೂತವರ ಮುಖ ಬರೀ ಕಪ್ಪಾಗಿ ಕಾಣುತ್ತದೆ, ತುಟಿ ಕಾಣುವುದಿಲ್ಲ. ಕೌಂಟರ್ ಅನ್ನು ಪಕ್ಕದ ಗೋಡೆಗೆ ತಿರುಗಿಸಿದರೆ ಆಯಿತು. ಕಾಗದದ ಮೇಲೆ ಒಂದು ಗೆರೆಯ ಬದಲಾವಣೆ. ಕಟ್ಟಿದ ಮೇಲಾದರೆ ವೈರಿಂಗ್ ಕಿತ್ತು, ನೆಲ ಅಗೆದು ಮಾಡಬೇಕಾದ ಕೆಲಸ. ಶ್ರವಣಯಂತ್ರ ಬಳಸುವವರಿಗೆ ನೇರವಾಗಿ ಧ್ವನಿ ತಲುಪಿಸುವ ಇಂಡಕ್ಷನ್ ಲೂಪ್ ಕೌಂಟರ್‌ಗೂ ಸಭಾಂಗಣಕ್ಕೂ ಸೇರಿತು.

ಹೊರಗೆ ಬರುವ ದಾರಿ

ಅರ್ಜಿಗಳಲ್ಲಿ ಅತಿ ಹೆಚ್ಚು ಮರೆತುಹೋಗುವ ಭಾಗ ಇದು. ಹಿಂದಿನ ತುರ್ತು ಬಾಗಿಲಿನಿಂದ ಹೊರಗಿನ ನೆಲಕ್ಕೆ ಎರಡು ಮೆಟ್ಟಿಲುಗಳಿದ್ದವು. ಒಳಗೆ ಬರುವಾಗ ಚಿಹ್ನೆ ಹಾಕಿ ಸ್ವಾಗತಿಸಿದವರನ್ನು ಬೆಂಕಿ ಬಿದ್ದಾಗ ಹೊಸ್ತಿಲಲ್ಲಿ ನಿಲ್ಲಿಸಿಬಿಡುವ ನಕ್ಷೆ. ನೆಲದ ಮಟ್ಟ 450ಕ್ಕೆ ಇಳಿದ ಮೇಲೆ ಹಿಂದೆ ಉಳಿದದ್ದು 150 ಮಿ.ಮೀ. ವ್ಯತ್ಯಾಸ. ಮೂರು ಮೀಟರ್‌ನಲ್ಲಿ 1:20 ಇಳಿಜಾರು ಕೊಟ್ಟು ಮೆಟ್ಟಿಲು ತೆಗೆದುಹಾಕಿದರು.

ಮೇಲಿನ ಮಹಡಿಯ ವಿಷಯ ಇನ್ನೂ ಕಷ್ಟ. ಬೆಂಕಿಯ ಸಮಯದಲ್ಲಿ ಸಾಮಾನ್ಯ ಲಿಫ್ಟ್ ಬಳಸುವಂತಿಲ್ಲ. ಮೆಟ್ಟಿಲಿನ ಕಟ್ಟೆಯಲ್ಲಿ, ಬೆಂಕಿ ತಡೆಯುವ ಗೋಡೆಯ ಒಳಗೆ, 900 × 1,400ರ ಕಾಯುವ ಜಾಗ ಬಿಡಿಸಿದೆವು. ಇಳಿದು ಓಡುವವರ ದಾರಿಗೆ ಅದು ಅಡ್ಡ ಬರಬಾರದು, ಅಲ್ಲಿಂದ ಕೆಳಗಿನವರ ಜೊತೆ ಮಾತಾಡುವ ಉಪಕರಣ ಇರಬೇಕು, ಕೂರಿಸಿ ಇಳಿಸುವ ಕುರ್ಚಿ ಇರಬೇಕು, ಅದನ್ನು ಬಳಸಲು ಸಿಬ್ಬಂದಿಗೆ ತರಬೇತಿ ಇರಬೇಕು. ಗಂಟೆಯ ಜೊತೆಗೆ ಮಿನುಗುವ ದೀಪವನ್ನು ಟಾಯ್ಲೆಟ್ ಒಳಗೂ ಹಾಕಿಸಿದೆವು. ಕಿವಿ ಕೇಳದವರು ಒಬ್ಬರೇ ಇರುವ ಕೋಣೆ ಅದು.

ಅನುಮತಿಯಲ್ಲಿ ಏನು ಬರೆಯಬೇಕು

ಒಂದು ಹಾಳೆಯ ಪ್ರವೇಶ ವಿವರಣೆಯ ಜಾಗದಲ್ಲಿ ಹೊಸದು ಬಂತು. ಅದರಲ್ಲಿ ನಿಯಮಗಳ ಹೆಸರಿನ ಬದಲು ಒಂದು ಪ್ರವೇಶ ನಕ್ಷೆ ಇತ್ತು: ಗೇಟಿನಿಂದ ತುರ್ತು ಬಾಗಿಲಿನವರೆಗಿನ ಇಡೀ ದಾರಿ ಬಣ್ಣದಲ್ಲಿ, ಪ್ರತಿ ತಿರುವಿನಲ್ಲಿ ಮಟ್ಟ, ಅಗಲ, ಇಳಿಜಾರು. ಯಾವ ಮಾನದಂಡ ಅನುಸರಿಸಿದ್ದಾರೆ, ಎಲ್ಲಿ ಆಗಲಿಲ್ಲ, ಯಾಕೆ ಆಗಲಿಲ್ಲ ಎಂಬುದೂ ಇತ್ತು. ಅಂತರರಾಷ್ಟ್ರೀಯ ಮಾನದಂಡ ಬೇಕೆನ್ನುವವರಿಗೆ ಐಎಸ್‌ಒ 21542 ಇದೆ, 2011ರಲ್ಲಿ ಬಂದದ್ದು 2021ರಲ್ಲಿ ಪರಿಷ್ಕೃತವಾಗಿದೆ. ಆದರೆ ಮಾನದಂಡದ ಸಂಖ್ಯೆ ಬರೆದ ಮಾತ್ರಕ್ಕೆ ಗೋಡೆ ಸರಿಯುವುದಿಲ್ಲ. ಆದ್ದರಿಂದ ಅನುಮತಿಯ ಷರತ್ತುಗಳಲ್ಲಿ ಆ ಪ್ರವೇಶ ನಕ್ಷೆಯ ಸಂಖ್ಯೆಯನ್ನೇ ಸೇರಿಸಲು ಕೇಳಿದೆವು. ವಿವರಣೆಯ ವಾಕ್ಯಗಳನ್ನು ಆಮೇಲೆ ಯಾರೂ ತೆಗೆದು ಓದುವುದಿಲ್ಲ, ಅಳತೆ ಇರುವ ನಕ್ಷೆ ಮಾತ್ರ ಕೆಲಸ ನಡೆಯುವ ಜಾಗಕ್ಕೆ ಹೋಗುತ್ತದೆ.

ಎಲ್ಲವೂ ಸಿಗಲಿಲ್ಲ. ತಾವಾಗಿ ವೀಲ್‌ಚೇರ್‌ನಿಂದ ಏಳಲಾಗದ ದೊಡ್ಡವರಿಗೆ ಮಲಗಿಸುವ ಬೆಂಚು, ಎತ್ತುವ ಯಂತ್ರ ಇರುವ ದೊಡ್ಡ ಟಾಯ್ಲೆಟ್ ಬೇಕೆಂದು ಕೇಳಿದ್ದೆವು. ಅದಕ್ಕೆ ಸುಮಾರು 3 × 4 ಮೀಟರ್ ಕೋಣೆ ಬೇಕು. ಓದುವ ಕೋಣೆ ಚಿಕ್ಕದಾಗುತ್ತದೆ ಎಂದು ನಿರಾಕರಿಸಿದರು. ಅದಿಲ್ಲದಿದ್ದರೆ ಆ ಕುಟುಂಬಗಳು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಅಲ್ಲಿ ಇರಲಾರವು. ನಾನು ಅದನ್ನು ಅಭಿಪ್ರಾಯ ಪತ್ರದಲ್ಲಿ ಕೊರತೆ ಎಂದೇ ದಾಖಲಿಸಿದೆ. ಗದ್ದಲ, ಪ್ರಖರ ಬೆಳಕು ತಡೆಯಲಾಗದವರಿಗೆ ಒಂದು ಶಾಂತ ಕೋಣೆ ಕೇಳಿದ್ದಕ್ಕೆ ಮಕ್ಕಳ ವಿಭಾಗದ ಮೂಲೆಯಲ್ಲಿ ಚಿಕ್ಕದೊಂದನ್ನು ಕೊಟ್ಟರು.

ಕೊನೆಯ ಷರತ್ತು ಒಂದು ಚಿಕ್ಕ ಸಂಗತಿಗೆ ಸಂಬಂಧಿಸಿದ್ದು, ಆದರೆ ಇದಿಲ್ಲದೆ ಮೇಲಿನದ್ದೆಲ್ಲ ಕೈತಪ್ಪುತ್ತದೆ. ನಕ್ಷೆಯ 450 ಎನ್ನುವುದು ಕಾಂಕ್ರೀಟಿನ ಮಟ್ಟವೋ, ಮೇಲೆ ಗಾರೆ, ಟೈಲ್ಸ್ ಹಾಕಿ ಮುಗಿಸಿದ ನೆಲದ ಮಟ್ಟವೋ ಎಂದು ಸ್ಪಷ್ಟ ಇರಲಿಲ್ಲ. ಕಾಂಕ್ರೀಟಿನ ಮಟ್ಟವಾದರೆ ಗಾರೆ, ಟೈಲ್ಸ್ ಸೇರಿ ಹೊಸ್ತಿಲಲ್ಲಿ ಐದು ಸೆಂಟಿಮೀಟರ್ ಮೇಲೇಳುತ್ತದೆ, ಮುಂದಿನ ಚಕ್ರ ಅಲ್ಲೇ ನಿಲ್ಲುತ್ತದೆ. 450 ಎಂದರೆ ಮುಗಿಸಿದ ನೆಲ ಎಂದು ನಕ್ಷೆಯಲ್ಲಿ ಬರೆಸಿದೆವು. ಗಾರೆ ಹಾಕುವ ಮೊದಲು ಹೊಸ್ತಿಲಿನ ಮಟ್ಟವನ್ನೂ ಹೊರಗಿನ ದಾರಿಯ ಮಟ್ಟವನ್ನೂ ಅಳೆದು ತೋರಿಸಿ, ಅಧಿಕಾರಿ ಸಹಿ ಹಾಕಿದ ಮೇಲೆಯೇ ಮುಂದುವರಿಯಬೇಕೆಂಬ ಷರತ್ತಿನೊಂದಿಗೆ ಅನುಮತಿ ಸಿಕ್ಕಿತು.